ಕಟ್ಟ ಕಟ್ಟಿ ಆದ ಮೇಲೆ ತಾನೇ ನೀರು ಅಳೆಯುವುದು?

ಓದುಗರ ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ. ನಮ್ಮ ತೋಡಿಗೆ (ಸಣ್ಣ ಹಳ್ಳಕ್ಕೆ) ಕಾಂಕ್ರೀಟಿನ ಚೆಕ್‌ಡ್ಯಾಂ ಆಗಿ ಎರಡು ವರ್ಷ ಆಯಿತು. ಮೊನ್ನೆ ಯಾರೋ ಇಬ್ಬರು ಬಂದು 'ಇಂಪ್ಯಾಕ್ಟ್ ಇವ್ಯಾಲ್ಯುಯೇಶನ್' (ಪರಿಣಾಮದ ಮೌಲ್ಯಮಾಪನ) ಅಂತ ಹೇಳಿ ಬಾವಿಗೆ ಟೇಪು ಇಳಿಸಿ ಬರೆದುಕೊಂಡು ಹೋದರು. ಬಿಲ್ಲು ಪಾಸಾಗಿ, ಫೋಟೋ ತೆಗೆದು ಎಲ್ಲ ಆದ ಮೇಲೆ ಮಾಡುವ ಈ ಪೋಸ್ಟ್‌ಮಾರ್ಟಂನಿಂದ ನಮಗೆ ಎಂತ ಲಾಭ ಮಾರಾಯ್ರೆ? ಕೆಳಗಿನ ತೋಡಿಗೆ ಇನ್ನೊಂದು ಡ್ಯಾಂ ಬೇರೆ ಮಂಜೂರಾಗಿದೆಯಂತೆ.

ಉತ್ತರ:

ಲಾಭ ಕಮ್ಮಿಯೇ. ಸುಮ್ನೆ ಸಮಾಧಾನ ಹೇಳುವುದಿಲ್ಲ. ಆ ಟೇಪು ಎರಡು ವರ್ಷ ಹಿಂದೆ, ಕಾಂಕ್ರೀಟ್ ಕಲಸುವ ಮೊದಲೇ ನಿಮ್ಮ ಬಾವಿಗೆ ಇಳಿಯಬೇಕಿತ್ತು. ಆಮೇಲೆ ಪ್ರತಿ ಬೇಸಿಗೆಯಲ್ಲೂ ಇಳಿಯಬೇಕಿತ್ತು. ಈಗ ಒಂದೇ ಸಲ ಇಳಿಸಿದರೆ ಕೈಗೆ ಸಿಗುವುದು ಒಂದು ಅಂಕೆ. ಅದನ್ನು ಯಾವುದರ ಜೊತೆ ಹೋಲಿಸುವುದು?

ಚೆಕ್‌ಡ್ಯಾಂ ಪಕ್ಕ ಒಂದು ಬೋರ್ಡು ಇರುತ್ತದೆ ಅಲ್ವಾ? ಅಂದಾಜು ಮೊತ್ತ, ಕೆಲಸ ಶುರುವಾದ ದಿನ, ಮುಗಿದ ದಿನ. ಅದು ಖರ್ಚಿನ ಲೆಕ್ಕ. ಅದನ್ನು ಆಡಿಟ್‌ನವರು ನೋಡಿಕೊಳ್ಳುತ್ತಾರೆ. ಪರಿಣಾಮ ಎನ್ನುವುದು ಬೇರೆಯೇ ಪ್ರಶ್ನೆ. ಈ ಕಟ್ಟ, ಅಂದರೆ ಈ ಚೆಕ್‌ಡ್ಯಾಂ, ಇಲ್ಲದೇ ಹೋಗಿದ್ದರೆ ಈ ಮಾರ್ಚಿನಲ್ಲಿ ನಿಮ್ಮ ಬಾವಿಯಲ್ಲಿ ಎಷ್ಟು ಕೋಲು (ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ) ನೀರು ಇರುತ್ತಿತ್ತು? ಇರುವ ನೀರಿಗೆ ಟೇಪು ಇಳಿಸಬಹುದು. ಇರುತ್ತಿದ್ದ ನೀರಿಗೆ ಇಳಿಸುವುದು ಹೇಗೆ? ಅದನ್ನು ಬೇರೆ ಎಲ್ಲಿಂದಲೋ ಅಂದಾಜು ಮಾಡಬೇಕು. ಈ ವಿದ್ಯೆಯ ತಲೆಬಿಸಿ ಎಲ್ಲ ಅಲ್ಲೇ ಇರುವುದು.

ಹೀಗೆ ಅಂದುಕೊಳ್ಳಿ. ಕಟ್ಟ ಆಗುವ ಮೊದಲು ಮಾರ್ಚ್ ಕೊನೆಗೆ ನಿಮ್ಮ ಬಾವಿಯಲ್ಲಿ 2 ಕೋಲು ನೀರಿತ್ತು. ಆದ ಮೇಲೆ 4 ಕೋಲು. 'ನೋಡಿ, ಡಬಲ್ ಆಯಿತು' ಎಂದು ವಾರ್ಡ್ ಮೆಂಬರ್ ಹೇಳುತ್ತಾರೆ. ಆದರೆ ಆ ವರ್ಷ ಮಳೆ ಡಿಸೆಂಬರ್‌ವರೆಗೆ ಎಳೆದಿತ್ತು. ಈಗ ಗುಡ್ಡದ ಆಚೆ ಬದಿಯ ತೋಡಿಗೆ ಹೋಗಿ. ಅಲ್ಲಿ ಡ್ಯಾಂ ಇಲ್ಲ. ಅದೇ ಅಡಿಕೆ ತೋಟ, ಅದೇ ಮುರಕಲ್ಲು, ಅದೇ ಮಳೆ. ಅಲ್ಲಿನ ಬಾವಿಯಲ್ಲೂ ನೀರು 2 ಕೋಲಿನಿಂದ ಮೂರೂವರೆಗೆ ಏರಿದೆ. ಹಾಗಾದರೆ ನಿಮಗೆ ಹೆಚ್ಚಾದ 2 ಕೋಲಿನಲ್ಲಿ ಒಂದೂವರೆ ಮಳೆಯ ಪಾಲು. ಡ್ಯಾಂನ ಪಾಲು ಅರ್ಧ ಕೋಲು, ಅಂದರೆ ಸುಮಾರು ಒಂದೂಕಾಲು ಅಡಿ. ಈ ಲೆಕ್ಕಕ್ಕೆ ಅರ್ಥಶಾಸ್ತ್ರದವರು 'ಡಿಫರೆನ್ಸ್ ಇನ್ ಡಿಫರೆನ್ಸಸ್' ಎಂದು ಹೆಸರಿಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಳೆದದ್ದರಲ್ಲಿ ಮತ್ತೆ ಕಳೆಯುವುದು, ಅಷ್ಟೆ. ಆಚೆಯವರು ಅದೇ ವರ್ಷ ಸ್ಪ್ರಿಂಕ್ಲರ್ ತೆಗೆದು ಡ್ರಿಪ್ ಹಾಕಿದ್ದರೆ ಲೆಕ್ಕ ಮತ್ತೆ ತಪ್ಪುತ್ತದೆ. ಹಾಗಾಗಿ ಅವರ ಜಗಲಿಯಲ್ಲಿ ಕೂತು ಒಂದು ಗ್ಲಾಸು ಚಹಾ ಕುಡಿದು ಅದನ್ನೂ ಕೇಳಿಕೊಂಡು ಬರಬೇಕು.

ನಮ್ಮ ಕಡೆ ಇನ್ನೂ ಒಂದು ತೊಡಕು ಇದೆ. ಹೊರಗಿನಿಂದ ಬಂದವರಿಗೆ ಅದು ಹೊಳೆಯುವುದಿಲ್ಲ. ಡ್ಯಾಂ ಆಗುವ ಮೊದಲು ನಿಮ್ಮ ತೋಡು ಖಾಲಿ ಇತ್ತಾ? ಇರಲಿಲ್ಲ. ಏತಡ್ಕದ ಕಡೆಯ ಹಾಗೆ ನಿಮ್ಮಲ್ಲೂ ಮಳೆ ಕಳೆದ ಮೇಲೆ ಊರವರು ಸೇರಿ ಕಲ್ಲು, ಮಣ್ಣು ಹಾಕಿ ಕಟ್ಟ ಕಟ್ಟುತ್ತಿದ್ದಿರಬೇಕು. ಮಳೆ ಹಿಡಿದಾಗ ಅದು ಕೊಚ್ಚಿ ಹೋಗುತ್ತಿತ್ತು. ಕಾಂಕ್ರೀಟ್ ಬಂದ ವರ್ಷದಿಂದ ಆ ಕೆಲಸ ನಿಂತಿರುತ್ತದೆ. ಹಾಗಾದರೆ ಕಾಂಕ್ರೀಟನ್ನು ಹೋಲಿಸಬೇಕಾದದ್ದು ಖಾಲಿ ತೋಡಿನ ಜೊತೆಗಲ್ಲ, ಮಣ್ಣಿನ ಕಟ್ಟದ ಜೊತೆಗೆ. ನೀರು ನಿಲ್ಲಿಸುವ ಹಲಗೆಯನ್ನು ಕಿಂಡಿಗೆ ಹಾಕದೆ ಬಿಟ್ಟ ಕಾಂಕ್ರೀಟಿಗಿಂತ ಹಳೆಯ ಮಣ್ಣಿನ ಕಟ್ಟವೇ ಜಾಸ್ತಿ ನೀರು ಹಿಡಿದಿರಬಹುದು. ಲಕ್ಷಗಟ್ಟಲೆ ಖರ್ಚು ಮಾಡಿ ಊರಿಗೆ ನಷ್ಟ ಮಾಡಿಕೊಂಡ ಹಾಗೆ. ಈ ಮಾತು ಎಸ್ಟಿಮೇಟ್ ಹಾಕುವಾಗಲೇ ಎದ್ದಿದ್ದರೆ ವಿನ್ಯಾಸವೇ ಬೇರೆ ಆಗುತ್ತಿತ್ತೋ ಏನೋ.

ಹೋಲಿಕೆ ಎಂದರೆ ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲ. ಎಣ್ಮಕಜೆಯ ಪಡ್ರೆಯಲ್ಲಿ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದಾಗ ಪಡ್ರೆಯ ಮಕ್ಕಳನ್ನು ಮಾತ್ರ ಪರೀಕ್ಷಿಸಿ ಹೋಗಲಿಲ್ಲ. ಸಿಂಪಡಣೆ ಇಲ್ಲದ ಮೀಂಜದ ಮೀಯಪದವಿನ ಮಕ್ಕಳನ್ನೂ ನೋಡಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಪಡ್ರೆ ಕಡೆಯ 117 ಹುಡುಗರು, ಹೋಲಿಕೆಗೆ 90 ಹುಡುಗರು. ಎಲ್ಲ 10ರಿಂದ 19 ವರ್ಷದವರು. 'ಸಿಂಪಡಿಸುವ ಮೊದಲು ಈ ಮಕ್ಕಳು ಹೇಗಿದ್ದರು' ಎಂದು ಕೇಳುವುದಕ್ಕೆ ಅಲ್ಲಿ ಅವಕಾಶವೇ ಇರಲಿಲ್ಲ. ಆಗ ಅವರು ಹುಟ್ಟಿಯೇ ಇರಲಿಲ್ಲ. ಇನ್ನೊಂದು ಊರಿನ ಮಕ್ಕಳು ಸಿಕ್ಕಿದ್ದಕ್ಕೆ, ತೊಂದರೆ ಸಿಂಪಡಣೆಯಿಂದಲೇ ಎಂಬ ಮಾತು ಕೋರ್ಟಿನವರೆಗೆ ನಿಲ್ಲುವ ಹಾಗಾಯಿತು. ಆದರೂ 'ಬೇರೆ ಕಾರಣ ಇರಬಹುದಲ್ಲ' ಎಂದು ವರ್ಷಗಟ್ಟಲೆ ಜಗ್ಗಾಡಿದವರು ಇದ್ದರು. ಮೊದಲೇ ಬರೆದಿಡದ ಲೆಕ್ಕಕ್ಕೆ ತೆರುವ ಬೆಲೆ ಅದು.

ಹಾಗಾದರೆ ಮೊದಲೇ ಏನು ಮಾಡಬಹುದು? ಯೋಜನೆ ಇನ್ನೂ ಕಾಗದದಲ್ಲಿ ಇರುವಾಗಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಇಲ್ಲಿನ ತೊಂದರೆ ನಿಜವಾಗಿ ಇದೇನಾ? ಇದಕ್ಕೆ ನನ್ನದೇ ಒಂದು ಕತೆ. ಕಾಲೇಜು ಮುಗಿಸಿ ಕೂತಿದ್ದಾಗ ಒಂದು ನೀರಿನ ಸಮೀಕ್ಷೆಗೆ ಮನೆ ಮನೆ ತಿರುಗಿದವ ನಾನು. ಫಾರಂ ಪೂರ್ತಿ ಮಲಯಾಳದಲ್ಲಿ. ನಾನು ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿ, ತುಳುವಿನಲ್ಲಿ ಕೇಳಿ, ಬಂದ ಉತ್ತರವನ್ನು ಮಲಯಾಳದಲ್ಲಿ ಬರೆಯಬೇಕು. 'ಕುಡಿಯುವ ನೀರು ಎಲ್ಲಿಂದ?' ಅಂದರೆ ಒಬ್ಬರು ಅಜ್ಜಿ ಮನೆಯ ಹಿಂದಿನ ಗುಡ್ಡೆಗೆ ಕೈ ತೋರಿಸಿದರು. ಸುರಂಗ, ನೀರಿಗಾಗಿ ಗುಡ್ಡೆಗೆ ಅಡ್ಡಕ್ಕೆ ಕೊರೆದದ್ದು. ಅವರ ಮಾವ ತೋಡಿಸಿದ್ದು, ನೀರು ತಾನಾಗಿ ಅಡಿಕೆ ಮರದ ದಂಬೆಯಲ್ಲಿ ಹರಿದು ಅಂಗಳದ ಟಾಂಕಿಗೆ ಬೀಳುತ್ತಿತ್ತು. ಫಾರಂನಲ್ಲಿ ಬಾವಿ ಇತ್ತು, ಬೋರ್‌ವೆಲ್ ಇತ್ತು, ಪೈಪು ಇತ್ತು, ಹೊಳೆ ಇತ್ತು. ಸುರಂಗ ಇರಲಿಲ್ಲ. 'ಇತರ' ಎಂಬಲ್ಲಿ ಗುರುತು ಹಾಕಿದೆ. ಆ ಬದಿಯಲ್ಲಿ ನಾನು ಹಾಕಿದ ಗುರುತು ಹೆಚ್ಚಿನದೆಲ್ಲ 'ಇತರ'ಕ್ಕೇ. ಆಮೇಲೆ ಬಂದ ಯೋಜನೆ ಯಾವುದು ಗೊತ್ತಾ? ಬಾವಿಗೆ ಮಳೆನೀರು ಇಳಿಸುವುದು.

ಕೀನ್ಯಾದಲ್ಲಿ ಇದೇ ತಪ್ಪು ದೊಡ್ಡ ಮಟ್ಟದಲ್ಲಿ ಬಯಲಾಯಿತು. 1996ರಲ್ಲಿ ಅಲ್ಲಿನ ಬುಸಿಯಾ ಕಡೆಯ 100 ಶಾಲೆಗಳಲ್ಲಿ ಮೊದಲು 25ಕ್ಕೆ ಪಠ್ಯಪುಸ್ತಕ ಕೊಟ್ಟು ನೋಡಿದರು. ಪುಸ್ತಕ ಕೊಟ್ಟರೆ ಅಂಕ ಏರಬೇಕು, ಅಲ್ವಾ? ಒಟ್ಟು ಸರಾಸರಿ ಏರಲೇ ಇಲ್ಲ. ಮೊದಲೇ ಮುಂದಿದ್ದ ಕೆಲವು ಮಕ್ಕಳಿಗೆ ಮಾತ್ರ ಉಪಯೋಗ ಆಯಿತು. ಪುಸ್ತಕ ಇಂಗ್ಲಿಷಿನಲ್ಲಿತ್ತು, ತುಂಬಾ ಮಕ್ಕಳಿಗೆ ಅದು ಮೂರನೆಯ ಭಾಷೆ. ಓದಲಿಕ್ಕೇ ಬಾರದ ಪುಸ್ತಕ. ಆ ಅಧ್ಯಯನ ಮಾಡಿದವರಲ್ಲಿ ಒಬ್ಬರು ಮೈಕೆಲ್ ಕ್ರೆಮರ್. 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಜೊತೆ ನೊಬೆಲ್ ಹಂಚಿಕೊಂಡವರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಮಾಸ್ತರು ಬಂದು ನಿಂತದ್ದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಡುವಿನ ಹಂತ. ನನ್ನ ಕೇಳಿದರೆ ಮೌಲ್ಯಮಾಪನದ ದುಡ್ಡು ಹೆಚ್ಚು ಹೋಗಬೇಕಾದದ್ದು ಇಲ್ಲಿಗೆ. ನಿಮ್ಮ ಡ್ಯಾಂನ ಕಿಂಡಿಗಳಿಗೆ ಹಲಗೆ ಹಾಕುವವರು ಯಾರು? ಯಾವ ತಿಂಗಳು? ಆ ಹಲಗೆಗಳು ಈಗ ಯಾರ ಕೊಟ್ಟಿಗೆಯಲ್ಲಿವೆ? ಹರಿವು ಜೋರಿರುವಾಗಲೇ ಹಾಕಿದರೆ ತಡೆಯುವುದಿಲ್ಲ, ಜನವರಿಗೆ ಹಾಕಿದರೆ ಹಿಡಿಯಲಿಕ್ಕೆ ನೀರೇ ಇರುವುದಿಲ್ಲ. ಎರಡು ಹಲಗೆ ಗೆದ್ದಲು ತಿಂದರೆ ಇಡೀ ಡ್ಯಾಂ ಸುಮ್ನೆ ನಿಂತಿರುತ್ತದೆ. ಡಿಸೆಂಬರಿನಲ್ಲಿ ಒಬ್ಬರು ಹೋಗಿ ನೋಡಿ ಬಂದರೆ ಅದೇ ವಾರ ಸರಿಮಾಡಬಹುದು. ಎರಡು ವರ್ಷ ಕಳೆದು ಬಂದವರು 'ಡ್ಯಾಂನಿಂದ ಪ್ರಯೋಜನ ಇಲ್ಲ' ಎಂದು ಬರೆದುಬಿಡುತ್ತಾರೆ. ತಪ್ಪು ಡ್ಯಾಂನದ್ದೋ ಹಲಗೆಯದ್ದೋ ಅವರಿಗೆ ತಿಳಿಯುವುದಿಲ್ಲ.

ರಾಜಸ್ಥಾನದ ಉದಯಪುರದಲ್ಲಿ ಹೀಗೇ ಆಯಿತು. ಹಳ್ಳಿಯ ಆರೋಗ್ಯ ಉಪಕೇಂದ್ರಗಳಿಗೆ ನರ್ಸುಗಳು ಸರಿಯಾಗಿ ಬರುತ್ತಿರಲಿಲ್ಲ. ಸೇವಾ ಮಂದಿರ ಎಂಬ ಸಂಸ್ಥೆ ಹಾಜರಿ ಗಮನಿಸುವುದು, ಬಾರದವರ ಸಂಬಳ ಆರೋಗ್ಯ ಇಲಾಖೆ ಹಿಡಿಯುವುದು, ಹೀಗೊಂದು ಏರ್ಪಾಟು. ಮೊದಲ ಕೆಲವು ತಿಂಗಳು ಹಾಜರಿ ಚೆನ್ನಾಗಿ ಏರಿತು. ಆಗಲೇ ವರದಿ ಬರೆದು ಮುಗಿಸಿದ್ದರೆ 'ಯಶಸ್ವಿ' ಎಂದು ಎಲ್ಲ ಕಡೆ ಹಬ್ಬಿಸುತ್ತಿದ್ದರು. ಆದರೆ ಅಳೆಯುವುದನ್ನು ಬಿಡಲಿಲ್ಲ. 16 ತಿಂಗಳ ಹೊತ್ತಿಗೆ ಏರ್ಪಾಟು ಇದ್ದ ಕೇಂದ್ರಕ್ಕೂ ಇಲ್ಲದ ಕೇಂದ್ರಕ್ಕೂ ವ್ಯತ್ಯಾಸವೇ ಉಳಿದಿರಲಿಲ್ಲ. 'ಇವತ್ತು ವಿನಾಯಿತಿ' ಎಂದು ಬರೆಯುವ ದಿನಗಳು ತಿಂಗಳಿಂದ ತಿಂಗಳಿಗೆ ಹೆಚ್ಚಾಗಿದ್ದವು. ಮೇಲಿನವರೇ ಒಪ್ಪಿಗೆ ಕೊಟ್ಟಿದ್ದರು. ಎಲ್ಲಿ ಸೋರಿತು ಎಂದು ಕೈ ತೋರಿಸಿ ಹೇಳಲಿಕ್ಕೆ ಆದದ್ದು ಪ್ರತಿ ತಿಂಗಳ ಲೆಕ್ಕ ಇದ್ದದ್ದರಿಂದ.

ಸೋರಿದ್ದನ್ನು ಕಂಡು ತಿದ್ದಿಕೊಂಡವರೂ ಇದ್ದಾರೆ. 'ಪ್ರಥಮ್' ಸಂಸ್ಥೆ ಓದಲು ಹಿಂದೆ ಬಿದ್ದ ಮಕ್ಕಳಿಗೆ ಬೇರೆಯಾಗಿ ಪಾಠ ಹೇಳುವ ಕ್ರಮವನ್ನು 2001ರಿಂದ ಮುಂಬಯಿ, ವಡೋದರಾಗಳಲ್ಲಿ ಪರೀಕ್ಷಿಸಿತು. ಫಲ ಸಿಕ್ಕಿತು. ಅದನ್ನೇ ಉತ್ತರ ಪ್ರದೇಶದ ಜೌನ್‌ಪುರದ ಹಳ್ಳಿಗಳಿಗೆ ಒಯ್ದಾಗ ಊರಿನ ಸ್ವಯಂಸೇವಕರು ಶಾಲೆಯ ಹೊರಗೆ ತರಗತಿ ನಡೆಸಿದರು. ಬಂದ ಮಕ್ಕಳು ಕಲಿತರು, ಆದರೆ ಬಂದವರೇ ಕಮ್ಮಿ. ಸರಿ, ಶಾಲೆಯ ಒಳಗೇ ಮಾಡೋಣ ಎಂದು ಮಾಸ್ತರಿಗೆ ತರಬೇತಿ ಕೊಟ್ಟರು. ಅವರು ಪಾಠ ಮುಗಿಸುವ ಗಡಿಬಿಡಿಯಲ್ಲಿ ಇದನ್ನು ಮೂಲೆಗೆ ಹಾಕಿದರು. ಮುಂದೆ ಹರಿಯಾಣದಲ್ಲಿ ದಿನಕ್ಕೆ ಒಂದು ಗಂಟೆ ಇದಕ್ಕೇ ಎಂದು ಮೀಸಲಿಟ್ಟರು. ಮಕ್ಕಳನ್ನು ತರಗತಿಯ ಪ್ರಕಾರ ಅಲ್ಲ, ಕಲಿಕೆಯ ಮಟ್ಟದ ಪ್ರಕಾರ ಕೂರಿಸಿದರು. ಆಗ ನಡೆಯಿತು. ಹತ್ತು ಹನ್ನೆರಡು ವರ್ಷದಲ್ಲಿ ಅದೇ ಪಾಠವನ್ನು ಮತ್ತೆ ಮತ್ತೆ ಬಿಚ್ಚಿ ಹೊಲಿದರು. ಪ್ರತಿ ಸಲ ಎಲ್ಲಿ ಬಿಚ್ಚಬೇಕು ಎಂದು ಹೇಳಿದ್ದು ಆ ಹಂತದ ಪರೀಕ್ಷೆ.

ಒಂದು ಆಕ್ಷೇಪ ಯಾವಾಗಲೂ ಬರುತ್ತದೆ: ಹೋಲಿಕೆಗಾಗಿ ಕೆಲವರಿಗೆ ಕೊಡದೆ ಇರುವುದು ಅನ್ಯಾಯ ಅಲ್ವಾ? ದುಡ್ಡು ಇದ್ದೂ ಕೊಡದಿದ್ದರೆ ಖಂಡಿತ ಅನ್ಯಾಯ. ಆದರೆ ಎಲ್ಲರಿಗೂ ಒಮ್ಮೆಲೇ ಕೊಡುವಷ್ಟು ಯಾವ ಪಂಚಾಯತಿನಲ್ಲಿ ಇದೆ? ಗ್ರಾಮಸಭೆಯಲ್ಲಿ ಪಟ್ಟಿ ಆಗುತ್ತದೆ, 40 ಜನಕ್ಕೆ ಟಾಂಕಿ ಸಿಗುತ್ತದೆ, 41ನೆಯವರು ಮುಂದಿನ ವರ್ಷ ಬನ್ನಿ ಎನ್ನಿಸಿಕೊಳ್ಳುತ್ತಾರೆ. 38ನೆಯ ಮನೆಗೂ 43ನೆಯ ಮನೆಗೂ ಅಂತಹ ವ್ಯತ್ಯಾಸ ಏನಿರುತ್ತದೆ? ಈ ಎರಡು ಗುಂಪನ್ನು ಹೋಲಿಸಿದರೆ ಆಯಿತು. ಮೆಕ್ಸಿಕೋದವರು 1997ರಲ್ಲಿ ಮಕ್ಕಳನ್ನು ಶಾಲೆಗೂ ಆಸ್ಪತ್ರೆಗೂ ಕಳಿಸುವ ಬಡವರಿಗೆ ನಗದು ಕೊಡುವ 'ಪ್ರೊಗ್ರೆಸಾ' ಶುರು ಮಾಡಿದಾಗ ಇದೇ ಜಾಣತನ ತೋರಿಸಿದರು. 506 ಹಳ್ಳಿಗಳ ಪೈಕಿ 320ಕ್ಕೆ ಮೊದಲು, ಉಳಿದ 186ಕ್ಕೆ ಆಮೇಲೆ, ಅದೂ ಚೀಟಿ ಎತ್ತಿದ ಹಾಗೆ. 2000ದಲ್ಲಿ ಸರ್ಕಾರ ಬದಲಾಯಿತು. ಹಿಂದಿನವರ ಯೋಜನೆ ಎಂದು ಕಸದ ಬುಟ್ಟಿಗೆ ಹಾಕಲಿಲ್ಲ. ಹೆಸರು ಮಾತ್ರ ಬದಲಿಸಿ ಮುಂದುವರಿಸಿದರು. ಅಂಕೆ ಎದುರಿಗಿತ್ತು.

ಎಲ್ಲಕ್ಕೂ ಇಷ್ಟು ಬೇಕಾ? ಬೇಡ. ಕಾಲುಸಂಕ ಬಿದ್ದರೆ ಕಟ್ಟಿಸಬೇಕು, ಅದಕ್ಕೆ ಹೋಲಿಕೆಯ ಊರು ಹುಡುಕುತ್ತ ಕೂತರೆ ಮಕ್ಕಳು ಶಾಲೆಗೆ ಹೋಗುವುದು ಹೇಗೆ? ಒಂದೇ ಒಂದು ಡ್ಯಾಂಗೆ ದೊಡ್ಡ ಅಧ್ಯಯನವೂ ಬೇಡ. ಆದರೆ ಒಂದೇ ನಮೂನೆಯ ಡ್ಯಾಂ ಜಿಲ್ಲೆಯ ಎಲ್ಲ ತೋಡಿಗೂ ಹಾಕುತ್ತೇವೆ ಎಂದು ಹೊರಟಾಗ ಮೊದಲ ನಾಲ್ಕರ ಲೆಕ್ಕ ಕೇಳದೆ ಐದನೆಯದಕ್ಕೆ ಟೆಂಡರ್ ಕರೆಯಬಾರದು.

ಈಗ ನಿಮ್ಮ ಕೆಳಗಿನ ತೋಡಿನ ವಿಷಯ. ಮೊದಲು ಟೇಪು ಇಳಿಸಿದವರ ಹತ್ತಿರ ಆ ಅಂಕೆ ಕೇಳಿ ಪಡೆದುಕೊಳ್ಳಿ. ಬಾವಿ ನಿಮ್ಮದು, ಕೇಳಲಿಕ್ಕೆ ಸಂಕೋಚ ಯಾಕೆ? ಆಮೇಲೆ ಹೊಸ ಡ್ಯಾಂ ಬರುವ ಜಾಗದಿಂದ ಮೇಲೆ ಎರಡು ಬಾವಿ, ಕೆಳಗೆ ಎರಡು, ಗುಡ್ಡದ ಆಚೆ ಎರಡು ಗುರುತು ಮಾಡಿ. ಸುರಂಗ ಇದ್ದರೆ ಅದನ್ನೂ ಸೇರಿಸಿ, ಕೊಡಪಾನ ತುಂಬಲು ಎಷ್ಟು ನಿಮಿಷ ಎಂದು ನೋಡಿದರೆ ಸಾಕು. ಡಿಸೆಂಬರಿನಿಂದ ಮೇವರೆಗೆ ತಿಂಗಳಿಗೆ ಎರಡು ಸಲ ಅಳೆದು ಬರೆಯಲಿಕ್ಕೆ ಎಂಟನೆಯ ಕ್ಲಾಸಿನ ಮಕ್ಕಳು ಧಾರಾಳ ಸಾಕು. ಮಳೆ ಬಂದ ದಿನ, ಹಲಗೆ ಹಾಕಿದ ದಿನ, ಯಾರು ಹೊಸ ಬೋರ್ ತೆಗೆಸಿದರು, ಇವು ಪಕ್ಕದ ಕಾಲಂನಲ್ಲಿ. ಅಳೆಯುವುದು ಬೆಳಗ್ಗೆ, ಪಂಪು ಹಾಕುವ ಮೊದಲು. ಹಗ್ಗಕ್ಕೆ ಗಂಟು ಹಾಕಿ ಅಳೆಯುವುದಾದರೆ ನೈಲಾನ್ ಬೇಡ, ಎಳೆದರೆ ಹಿಗ್ಗುತ್ತದೆ. ಅಂಗಡಿಯಲ್ಲಿ ಫೈಬರ್ ಟೇಪು ಸಿಗುತ್ತದೆ, ತುದಿಗೆ ಒಂದು ನಟ್ಟು ಕಟ್ಟಿ ಇಳಿಸಿ.