ಪದ ಪರಿಚಯ: ಬಯೋಮಾರ್ಕರ್

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ನಮ್ಮ ಮಾವ ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಸೀದಾ ನಮ್ಮನೆಗೆ ಬಂದರು. ಒದ್ದೆ ಕೊಡೆಯನ್ನು ಜಗಲಿಯಲ್ಲಿ ಬಿಚ್ಚಿಟ್ಟು, ಪ್ಲಾಸ್ಟಿಕ್ ಕವರಿನಿಂದ ರಿಪೋರ್ಟ್ ತೆಗೆದರು. ಸಿಆರ್‌ಪಿ ಅನ್ನೋ ಪ್ರೋಟೀನಿನ ಎದುರಿನ ಸಂಖ್ಯೆ ದಪ್ಪಕ್ಷರದಲ್ಲಿತ್ತು.

"ಇದು ಜಾಸ್ತಿ ಇದ್ರೆ ಹಾರ್ಟ್ ಫೇಲ್ಯೂರ್ ಅಂತೆ, ಹೌದನಾ ಮಾರಾಯ?"

ಅದಕ್ಕೆ ಮುಂಚೆ ನಾಲ್ಕು ದಿನ ಜ್ವರದಲ್ಲಿ ಮಲಗಿದ್ದನ್ನು ಅವರು ಹೇಳಲೇ ಇಲ್ಲ. ಅತ್ತೆ ಫೋನಲ್ಲಿ ಹೇಳಿದರು.

ಬಯೋಮಾರ್ಕರ್ ಅಂದರೆ ಮೈಯೊಳಗೆ ನಡೆಯುತ್ತಿರುವುದಕ್ಕೆ ಸಿಗುವ, ಅಳೆಯಬಹುದಾದ ಗುರುತು. ತೋಟಕ್ಕೆ ಹೋದವರು ಮೊದಲು ಅಡಿಕೆ ಮರದ ಬುಡ ನೋಡುತ್ತಾರೆ, ಅಲ್ವಾ? ಹಸಿರು ಕಾಯಿ ಉದುರಿದ್ದರೆ ಮೇಲೆ ಏನೋ ಆಗಿದೆ. ಆದರೆ ಕೊಳೆರೋಗವೋ, ಮಂಗನ ಕೆಲಸವೋ? ಕಾಯಿ ಎತ್ತಿ ನೋಡಬೇಕು. ಬಿಳಿ ಬೂಸ್ಟು ಇದ್ದರೆ ಒಂದು ಲೆಕ್ಕ, ಹಲ್ಲಿನ ಗುರುತು ಇದ್ದರೆ ಇನ್ನೊಂದು.

ಸಿಆರ್‌ಪಿ ಬರೀ ಉದುರಿದ ಕಾಯಿ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಕ್ಕ ಪ್ರೋಟೀನ್ ಇದು. ಎಲ್ಲೇ ಉರಿಯೂತ ಆಗಲಿ, ಇಂಟರ್‌ಲ್ಯೂಕಿನ್-6 ಅನ್ನೋ ಇನ್ನೊಂದು ಪ್ರೋಟೀನ್ ಲಿವರಿಗೆ ಸುದ್ದಿ ಮುಟ್ಟಿಸುತ್ತದೆ, ಲಿವರು ಸಿಆರ್‌ಪಿ ತಯಾರಿಸುತ್ತದೆ. ಹಾರ್ಟ್ ಫೇಲ್ಯೂರ್ ಇದ್ದವರಲ್ಲೂ ಇವೆರಡು ಏರಿರುವುದುಂಟು. (ಫೇಲ್ಯೂರ್ ಅಂದರೆ ಹೃದಯ ನಿಂತೇಹೋಗುವುದಲ್ಲ, ಮೈಗೆ ಬೇಕಾದಷ್ಟು ರಕ್ತ ಒತ್ತಲಾಗದೆ ಸೋಲುವುದು.) ದಣಿದ, ಗಾಯಗೊಂಡ ಹೃದಯದ ಸ್ನಾಯು ಕೂಡ ರೋಗನಿರೋಧಕ ವ್ಯವಸ್ಥೆಯನ್ನು ಎಬ್ಬಿಸುತ್ತದೆ. ಆದರೆ ಜ್ವರಕ್ಕೂ, ಕೀವಾದ ಹಲ್ಲಿಗೂ ಸಿಆರ್‌ಪಿ ಏರುತ್ತದೆ. ಮಳೆಗಾಲದ ಮಲೆನಾಡಲ್ಲಿ ಅದೊಂದನ್ನೇ ನೋಡಿ ಹೃದಯದ ಮೇಲೆ ಗೂಬೆ ಕೂರಿಸುವುದು ಸರಿಯಲ್ಲ.

ನನಗೆ ಕುತೂಹಲ ಹುಟ್ಟಿಸಿದ್ದು ಎಸ್‌ಟಿ2 ಅನ್ನೋ ಪ್ರೋಟೀನ್. ಹೃದಯದ ಮೇಲೆ ಒತ್ತಡ ಬಿದ್ದಾಗ ಇಂಟರ್‌ಲ್ಯೂಕಿನ್-33 ಅನ್ನೋ ಮತ್ತೊಂದು ಪ್ರೋಟೀನ್ ಹೊರಬರುತ್ತದೆ. ಜೀವಕೋಶದ ಮೇಲಿರುವ ಎಸ್‌ಟಿ2ಗೆ ಅದು ಅಂಟಿಕೊಂಡರೆ ಹೃದಯದ ಸ್ನಾಯು ದಪ್ಪವಾಗಿ ಬಿರುಸಾಗುವುದು ತಗ್ಗುತ್ತದೆ. ತಮಾಷೆ ಏನಂದರೆ, ರಕ್ತದಲ್ಲಿ ತೇಲುವ ಇನ್ನೊಂದು ಬಗೆಯ ಎಸ್‌ಟಿ2 ಇದೆ. ಅದು ಇಂಟರ್‌ಲ್ಯೂಕಿನ್-33ನ್ನು ದಾರಿಯಲ್ಲೇ ಹಿಡಿದು ಕೂರಿಸಿಬಿಡುತ್ತದೆ. ತೇಲುವ ಎಸ್‌ಟಿ2 ಜಾಸ್ತಿಯಾದಷ್ಟೂ ಹೃದಯಕ್ಕೆ ಸಿಗುವ ರಕ್ಷಣೆ ಕಮ್ಮಿ. ಮಿಲಿಲೀಟರಿಗೆ 35 ನ್ಯಾನೋಗ್ರಾಂ ದಾಟಿದರೆ ಅಪಾಯ ಹೆಚ್ಚು ಅಂತ ಲೆಕ್ಕ. ಕಾಯಿಲೆ ಇದೆಯಾ ಅನ್ನುವುದಕ್ಕಿಂತ, ಇದ್ದವರಲ್ಲಿ ಮುಂದೆ ಹೇಗೆ ಅಂತ ಅಂದಾಜಿಸಲು ಇದು ಉಪಯೋಗ.

ಕಾಯಿಲೆ ಪತ್ತೆಗೆ ವೈದ್ಯರು ಸಾಮಾನ್ಯವಾಗಿ ನೋಡುವುದು ಬಿಎನ್‌ಪಿ ಅನ್ನೋ ಹಾರ್ಮೋನು, ಇಲ್ಲವೇ ಅದರ ಜೊತೆಗೇ ಬರುವ ಎನ್‌ಟಿ-ಪ್ರೋಬಿಎನ್‌ಪಿ. ಇವನ್ನು ಒತ್ತಡಕ್ಕೆ ಜಗ್ಗಿದ ಹೃದಯವೇ ಸುರಿಸುತ್ತದೆ. ಬಿಎನ್‌ಪಿ 1988ರಲ್ಲಿ ಮೊದಲು ಸಿಕ್ಕಿದ್ದು ಮಾತ್ರ ಹಂದಿಯ ಮೆದುಳಲ್ಲಿ!

ಗುರುತು ಸಿಕ್ಕರೆ ಮದ್ದೂ ಸಿಕ್ಕಿತು ಅಂತಲ್ಲ. ಟಿಎನ್‌ಎಫ್ ಅನ್ನೋ ಉರಿಯೂತದ ಪ್ರೋಟೀನ್ ಹಾರ್ಟ್ ಫೇಲ್ಯೂರಿನಲ್ಲಿ ಏರುತ್ತದೆ ಅಂತ 1990ರಲ್ಲೇ ಗೊತ್ತಾಯಿತು. ಆಮೇಲೆ ಅದನ್ನು ಕಟ್ಟಿಹಾಕುವ ಔಷಧಿ ಕೊಟ್ಟು ನೋಡಿದರು. ಲಾಭವಾಗಲಿಲ್ಲ. ಅಂಥದ್ದೇ ಒಂದು ಔಷಧಿಯಾದ ಇನ್‌ಫ್ಲಿಕ್ಸಿಮ್ಯಾಬನ್ನು ಹೆಚ್ಚು ಡೋಸ್ ಪಡೆದವರ ಸ್ಥಿತಿ ಇನ್ನೂ ಬಿಗಡಾಯಿಸಿತು.

ಮಾವನ ಕಾಲ ಮೇಲೆ ಡಾಕ್ಟರು ಬೆರಳೊತ್ತಿದರು, ಗುಳಿ ಬೀಳಲಿಲ್ಲ, ಅಂದರೆ ನೀರು ತುಂಬಿ ಊದಿರಲಿಲ್ಲ. ಹೃದಯದ ಸ್ಕ್ಯಾನ್ ಎಕೋ ಸರಿಯಿತ್ತು. ಮೂರು ವಾರ ಬಿಟ್ಟು ಮಾಡಿಸಿದಾಗ ಸಿಆರ್‌ಪಿಯೂ ಇಳಿದಿತ್ತು. ಫೋನ್ ಮಾಡಿದರೆ ಅವರಿಗೆ ಬೇರೆಯೇ ಚಿಂತೆ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದಿನದು: "ಅದಿರ್ಲಿ ಮಾರಾಯ, ಎರಡು ದಿನ ಮಳೆ ಬಿಟ್ಟಿದೆ. ಬೋರ್ಡೋ ಹೊಡೆಯೋಕೆ ಮರ ಹತ್ತೋ ಕೊನೆಗೌಡ ಸಿಗ್ತಿಲ್ಲ."