ಪೊರೆಗೆ ಸೇರುವ ಪ್ರೋಟೀನ್‌ಗಳು: ಎರಡನೇ ದಾರಿ ಯಾಕೆ ಬೇಕು?

ಈ ಪಾಠ ಬಂದಾಗ ಎಸ್‌ಆರ್‌ಪಿ, ಸೆಕ್61 ಅಂತ ಹೆಸರುಗಳನ್ನು ಉರು ಹೊಡೆದು ಮುಂದೆ ಹೋಗುತ್ತೇವೆ. ನಾನೂ ಹಾಗೇ ಮಾಡಿದ್ದೆ. ಆಮೇಲೆ ಒಂದು ಪುಟ್ಟ ಲೆಕ್ಕ ಹಾಕಿದ ಮೇಲೆ ವಿಷಯ ತಲೆಗೆ ಹೋಯಿತು.

ಮೊದಲು ತೊಂದರೆ ಏನು ಅಂತ ನೋಡೋಣ. ಜೀವಕೋಶದ ಪೊರೆಯ ಒಳಗೆಲ್ಲ ಕೊಬ್ಬು. ಅಲ್ಲಿ ಕೂರಬೇಕಾದ ಪ್ರೋಟೀನ್ ತುಂಡಿಗೂ ನೀರು ಕಂಡರೆ ಆಗದು. ಸುಮಾರು 20 ಅಮೈನೋ ಆಮ್ಲಗಳು ಸುರುಳಿ ಸುತ್ತಿದರೆ 3 ನ್ಯಾನೋಮೀಟರ್ ಉದ್ದ, ಕೊಬ್ಬಿನ ಪದರ ದಾಟಲು ಅಷ್ಟು ಸಾಕು. ಆದರೆ ಪ್ರೋಟೀನ್ ತಯಾರಾಗುವುದು ಸೈಟೋಸಾಲ್‌ನಲ್ಲಿ, ಅಂದರೆ ಜೀವಕೋಶದೊಳಗಿನ ದ್ರವದಲ್ಲಿ, ಅಲ್ಲಿ ಎಲ್ಲಿ ನೋಡಿದರೂ ನೀರು. ಈ ತುಂಡುಗಳನ್ನು ಸುಮ್ನೆ ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ.

ಮಾಮೂಲಿ ದಾರಿ ಖಾರಾಸೇವೆ ಮಾಡಿದ ಹಾಗೆ. ಒರಳನ್ನು ಬಾಣಲೆ ಮೇಲೇ ಹಿಡಿದು ನೇರ ಎಣ್ಣೆಗೆ ಒತ್ತುತ್ತೇವೆ, ಅಲ್ವಾ? ಪ್ರೋಟೀನ್ ತಯಾರಿಸುವ ಯಂತ್ರವಾದ ರೈಬೋಸೋಮ್‌ನಿಂದ ಕೊಬ್ಬಿನಂಥ ತುಂಡು ತಲೆ ಹಾಕಿದ ತಕ್ಷಣ ಎಸ್‌ಆರ್‌ಪಿ (ಇಂಥ ತುಂಡನ್ನು ಗುರುತಿಸುವ ಕಣ) ಅದನ್ನು ಹಿಡಿಯುತ್ತದೆ, ತಯಾರಿಕೆ ನಿಧಾನ ಆಗುತ್ತದೆ, ರೈಬೋಸೋಮ್ ಸಮೇತ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ (ಜೀವಕೋಶದೊಳಗಿನ ಪೊರೆಗಳ ಜಾಲ, ಮುಂದೆ ಇಆರ್ ಅಂತೀನಿ) ಹತ್ತಿರ ಒಯ್ದು ಸೆಕ್61 ಅನ್ನುವ ಬಾಗಿಲಿಗೆ ಒಪ್ಪಿಸುತ್ತದೆ. ಈ ಬಾಗಿಲು ಪಕ್ಕಕ್ಕೂ ತೆರೆಯುತ್ತದೆ, ಅಲ್ಲಿಂದ ತುಂಡು ಜಾರಿ ಕೊಬ್ಬಿಗೆ ಸೇರುತ್ತದೆ. ಪ್ರೋಟೀನ್‌ನಲ್ಲೇ ವಿಳಾಸ ಬರೆದಿರುತ್ತದೆ ಎಂದು ತೋರಿಸಿದ್ದಕ್ಕೆ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂತು.

ಈಗ ಲೆಕ್ಕ. 100 ಅಮೈನೋ ಆಮ್ಲಗಳ ಒಂದು ಪ್ರೋಟೀನ್ ಅಂದುಕೊಳ್ಳಿ, ಪೊರೆಯಲ್ಲಿ ಕೂರುವ ತುಂಡು ಬಾಲದಲ್ಲಿದೆ, 75ರಿಂದ 95ರವರೆಗೆ. ರೈಬೋಸೋಮ್‌ನ ಸುರಂಗದೊಳಗೆ ಯಾವಾಗಲೂ 30–40 ಅಮೈನೋ ಆಮ್ಲಗಳು ಇರುತ್ತವೆ, 35 ಅಂತ ಇಟ್ಟುಕೊಳ್ಳೋಣ. 100ನೆಯದು ಜೋಡಣೆ ಆದಾಗ ಹೊರಗೆ ಕಾಣುವುದು ಬರೀ 65ರವರೆಗೆ! ಅಷ್ಟರಲ್ಲಿ ಸ್ಟಾಪ್ ಕೋಡಾನ್ (ಜೋಡಣೆ ಮುಗಿಸು ಅನ್ನುವ ಸಂಕೇತ) ಬಂದು ಸರಪಳಿಯೇ ಕಳಚಿಕೊಳ್ಳುತ್ತದೆ. ಎಸ್‌ಆರ್‌ಪಿ ಹಿಡಿಯಬೇಕಾದ ತುಂಡು ಕೊನೆಯವರೆಗೂ ಸುರಂಗದಲ್ಲೇ ಇತ್ತು.

ಹಾಗಾಗಿ ಇವಕ್ಕೆ ಚಕ್ಕುಲಿ ದಾರಿ. ಹಾಳೆ ಮೇಲೆ ಒತ್ತಿ, ಆಮೇಲೆ ಸಟ್ಟುಗದಲ್ಲಿ ಎತ್ತಿ ಎಣ್ಣೆಗೆ ಬಿಡುವುದು. ಯೀಸ್ಟ್‌ನಲ್ಲಿ ಆ ಸಟ್ಟುಗ ಗೆಟ್3 ಅನ್ನುವ ಪ್ರೋಟೀನ್, ನಮ್ಮ ದೇಹದಲ್ಲಿ ಟಿಆರ್‌ಸಿ40. ಎರಡು ಗೆಟ್3 ಜೋಡಿಯಾಗಿ ನಡುವೆ ಒಂದು ತೋಡು ಮಾಡಿಕೊಂಡು, ಬಾಲವನ್ನು ಅದರಲ್ಲಿ ಮುಚ್ಚಿಟ್ಟು, ನೀರು ತಾಗದ ಹಾಗೆ ಇಆರ್‌ವರೆಗೆ ತರುತ್ತವೆ. ಅಲ್ಲಿ ಗೆಟ್1, ಗೆಟ್2 ಅನ್ನುವ ಪ್ರೋಟೀನ್‌ಗಳು ಇಸ್ಕೊಂಡು ಪೊರೆಗೆ ಸೇರಿಸುತ್ತವೆ. ಈ ಕೆಲಸಕ್ಕೆ ಶಕ್ತಿಯಾಗಿ ಖರ್ಚಾಗುವುದು ಎಟಿಪಿ. ಎಸ್‌ಆರ್‌ಪಿ ದಾರಿಯಲ್ಲಿ ಜಿಟಿಪಿ, ಪರೀಕ್ಷೆಯಲ್ಲಿ ಇದನ್ನು ಅದಲುಬದಲು ಮಾಡಬೇಡಿ.

ಬಾಲದ ತುಂಡಿನಲ್ಲಿ ಕೊಬ್ಬಿನ ಗುಣ ಅಷ್ಟು ಜಾಸ್ತಿ ಇಲ್ಲದಿದ್ದರೆ ಇಎಂಸಿ ಅನ್ನುವ ಇನ್ನೊಂದು ಪ್ರೋಟೀನ್ ಕೂಟ ಈ ಕೆಲಸ ಮಾಡುತ್ತದೆ. ಅದು ಗೊತ್ತಾಗಿದ್ದು 2018ರಲ್ಲಿ, ಹಳೇ ಪುಸ್ತಕದಲ್ಲಿ ಹುಡುಕಬೇಡಿ.

ನನಗೆ ಭಾರೀ ಮಜಾ ಅನಿಸಿದ್ದು ಬೇರೆ. ಸೆಕ್61 ಬಾಗಿಲಿಗೆ ಮೂರು ಭಾಗ: ಆಲ್ಫಾ, ಬೀಟಾ, ಗಾಮಾ. ಇವುಗಳಲ್ಲಿ ಬೀಟಾ ಕೂಡ ಬಾಲದಲ್ಲಿ ತುಂಡು ಇರುವ ಜಾತಿಯೇ. 2007ರಲ್ಲಿ ಟಿಆರ್‌ಸಿ40 ಸಿಕ್ಕಿದ್ದೂ ಈ ಬೀಟಾದ ಜಾಡು ಹಿಡಿದು ಹೋದಾಗ.