ಮಾಂಟ್ಗೊಮರಿ ಬಸ್ ಬಹಿಷ್ಕಾರ: ಕಿಂಗ್‌ಗಿಂತ ಮೊದಲೇ ಸಿದ್ಧರಾಗಿದ್ದವರು

ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿ ಎಂದೊಡನೆ ನಮ್ಮ ಉತ್ತರಪತ್ರಿಕೆ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನಿಂದಲೇ ಶುರುವಾಗುತ್ತದೆ. ಆದರೆ 1955ರ ಡಿಸೆಂಬರ್‌ನಲ್ಲಿ ಅವರಿಗಿನ್ನೂ 26 ವರ್ಷ. ಅಲಬಾಮಾದ ಮಾಂಟ್ಗೊಮರಿಗೆ ಪಾದ್ರಿಯಾಗಿ ಬಂದದ್ದೇ ಹಿಂದಿನ ವರ್ಷ. ಹಾಗಿದ್ದರೆ ಊರಿನ ಕಪ್ಪು ಜನರೆಲ್ಲ ನಾಲ್ಕೇ ದಿನಗಳಲ್ಲಿ ಒಗ್ಗಟ್ಟಾಗಿ ಬಸ್ಸಿಗೆ ಬೆನ್ನು ತಿರುಗಿಸಿದ್ದು ಹೇಗೆ? ಈ ಪ್ರಶ್ನೆ ಹಿಡಿದು ಓದಿ.

ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಂಧನವಾದದ್ದು ಡಿಸೆಂಬರ್ 1ರ ಗುರುವಾರ ಸಂಜೆ. ಅಲಬಾಮಾ ಸ್ಟೇಟ್ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ಜೋ ಆನ್ ರಾಬಿನ್‌ಸನ್ ಆ ರಾತ್ರಿ ಮಲಗಲೇ ಇಲ್ಲ. ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತು, ಒಂದೊಂದು ಹಾಳೆಗೂ ಮೂರು ಕರಪತ್ರ ಬರುವಂತೆ ಅಚ್ಚು ತೆಗೆದು, ಕತ್ತರಿಸಿ, ಕಟ್ಟು ಕಟ್ಟಿದರು. ಸೋಮವಾರ ಯಾರೂ ಬಸ್ ಹತ್ತಬೇಡಿ ಎಂಬುದು ಅದರ ಸಾರ. ಬೆಳಗ್ಗೆ ಎಂದಿನಂತೆ ಪಾಠ ಮಾಡಿ, ಬಳಿಕ ಸಾವಿರಾರು ಪ್ರತಿಗಳನ್ನು ಹಂಚಲು ಹೊರಟರು. ಇದನ್ನು ಹಠಾತ್ ಆವೇಶ ಎಂದು ಬರೆಯಬೇಡಿ. ಅವರು ಅಧ್ಯಕ್ಷೆಯಾಗಿದ್ದ ಮಹಿಳಾ ರಾಜಕೀಯ ಮಂಡಳಿ ಹುಟ್ಟಿದ್ದು 1946ರಲ್ಲಿ. ಬಹಿಷ್ಕಾರದ ಮಾತು ಜನರಲ್ಲಿ ನಡೆದಿದೆ ಎಂದು ಅವರು ಮೇಯರ್‌ಗೆ ಪತ್ರ ಬರೆದದ್ದು 1954ರ ಮೇ ತಿಂಗಳಲ್ಲೇ.

ಸಂಬಳ ಕೊಡುವವರು ಯಾರು ಎಂಬುದನ್ನೂ ಗಮನಿಸಿ. ನನಗೆ ಇಡೀ ಪಾಠದ ಕೀಲಿಕೈ ಇದೇ. ಪಾರ್ಕ್ಸ್ ಅವರನ್ನು ಜಾಮೀನಿನ ಮೇಲೆ ಬಿಡಿಸಿದ ಇ. ಡಿ. ನಿಕ್ಸನ್ ರೈಲಿನ ಮಲಗುವ ಬೋಗಿಗಳ ಪೋರ್ಟರ್. ಬೆನ್ನಿಗೆ ಕಾರ್ಮಿಕ ಸಂಘವಿತ್ತು. ಊರಿನ ಬಿಳಿಯ ಧಣಿಗಳು ಅವರ ಅನ್ನಕ್ಕೆ ಕಲ್ಲು ಹಾಕುವುದು ಸುಲಭವಿರಲಿಲ್ಲ. ರಾಬಿನ್‌ಸನ್ ಅವರದ್ದು ಸರ್ಕಾರಿ ಕಾಲೇಜು, ಹಾಗಾಗಿ ಹೆಸರು ಹಿಂದೆಯೇ ಉಳಿಯಿತು.

ಜಾರ್ಜಿಯಾ ಗಿಲ್ಮೋರ್ ಅಡುಗೆ ಕೆಲಸದವರು. ಬಹಿಷ್ಕಾರ ನಡೆಸಿದ್ದಕ್ಕೆ ಕಿಂಗ್ ಮೇಲೆ ಹೂಡಿದ ಮೊಕದ್ದಮೆಯ ವಿಚಾರಣೆಯಲ್ಲಿ ಬಸ್ ಚಾಲಕರ ದುರ್ನಡತೆಯ ಬಗ್ಗೆ ಸಾಕ್ಷಿ ನುಡಿದು ಕೆಲಸ ಕಳೆದುಕೊಂಡರು. ಆಮೇಲೆ ಮನೆಯಲ್ಲೇ ಬೇಯಿಸಿ ಮಾರಿದರು. ಅವರ ಗುಂಪು ಕೋಳಿ ಕರಿದು, ಕೇಕ್ ಸುಟ್ಟು ಗಳಿಸಿದ ಹಣ ಜನರನ್ನು ಕೆಲಸಕ್ಕೆ ಒಯ್ಯುತ್ತಿದ್ದ ಕಾರುಗಳ ಪೆಟ್ರೋಲಿಗೆ ಹೋಯಿತು. ಗುಂಪಿಗೆ ಇಟ್ಟ ಹೆಸರು ‘ಎಲ್ಲಿಂದಲೂ ಬಾರದ ಕ್ಲಬ್’: ದುಡ್ಡು ಎಲ್ಲಿಂದ ಬಂತೆಂದು ಯಾರಾದರೂ ಕೇಳಿದರೆ, ಎಲ್ಲಿಂದಲೂ ಇಲ್ಲ!

ಕೊನೆಗೆ ಬಸ್ಸಿನ ಭೇದಭಾವ ಅಳಿಸಿದ ಬ್ರೌಡರ್ ವರ್ಸಸ್ ಗೇಲ್ ಮೊಕದ್ದಮೆಯ ವಾದಿಗಳಲ್ಲಿ ಕಿಂಗ್ ಇಲ್ಲ, ಪಾರ್ಕ್ಸ್ ಕೂಡ ಇಲ್ಲ. ಇದ್ದವರು ಊರಿನ ನಾಲ್ವರು ಹೆಂಗಸರು. ಅವರಲ್ಲೊಬ್ಬಳು ಕ್ಲಾಡೆಟ್ ಕಾಲ್ವಿನ್; ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧಿತಳಾದಾಗ ಅವಳಿಗೆ 15 ವರ್ಷ.